ರಾತ್ರಿ ಎಷ್ಟು ದಿಂಬು?

ಏದುಸಿರು ಎಂದು ಬಂದವರಿಗೆಲ್ಲ ನಾನು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: ರಾತ್ರಿ ಎಷ್ಟು ದಿಂಬು ಇಟ್ಟು ಮಲಗುತ್ತೀರಿ?

ಕಳೆದ ವರ್ಷ ಅರವತ್ತೆಂಟು ವಯಸ್ಸಿನ ಒಬ್ಬ ತಾಯಿ ಬಂದಿದ್ದರು. ಎರಡು ತಿಂಗಳಿಂದ ಕೆಮ್ಮು. ಸಿರಪ್ಪು, ಎರಡು ಸುತ್ತು ಆಂಟಿಬಯಾಟಿಕ್, ಕೊನೆಗೆ ಇನ್ಹೇಲರ್, ಎಲ್ಲವೂ ಆಗಿತ್ತು. ದಿಂಬಿನ ಮಾತು ಕೇಳಿದಾಗ ಸ್ವಲ್ಪ ಸಂಕೋಚಪಟ್ಟುಕೊಂಡೇ ಹೇಳಿದರು: "ಮೂರು ಇಡುತ್ತಿದ್ದೆ ಡಾಕ್ಟರೇ. ಈಗ ಒಂದು ವಾರದಿಂದ ಕುರ್ಚಿಯಲ್ಲೇ ನಿದ್ದೆ." ಪಕ್ಕದಲ್ಲಿದ್ದ ಮಗಳು ತಟ್ಟನೆ ಅಮ್ಮನ ಕಡೆ ತಿರುಗಿದಳು. ಅವಳಿಗೂ ಅದು ಹೊಸ ಸುದ್ದಿ.

ಮಲಗಿದಾಗ ಕಾಲಿನ ರಕ್ತ ಎದೆಯ ಕಡೆಗೆ ಹೆಚ್ಚು ಹರಿದು ಬರುತ್ತದೆ. ಸೋತ ಹೃದಯಕ್ಕೆ ಅದನ್ನು ಮುಂದೆ ದೂಡಲಾಗದೆ ಶ್ವಾಸಕೋಶದಲ್ಲಿ ನೀರು ಕಟ್ಟುತ್ತದೆ. ಎದ್ದು ಕೂತರೆ ಹಗುರ. ಮಲಗಿದರೆ ಏರುವ, ಕೂತರೆ ಇಳಿಯುವ ಕೆಮ್ಮು ಕಂಡಾಗ ಹೃದಯವನ್ನು ನೆನೆಯಲೇಬೇಕು.

ಅವರನ್ನು 45 ಡಿಗ್ರಿ ಓರೆಯಾಗಿ ಒರಗಿಸಿ, ಮುಖವನ್ನು ಎಡಕ್ಕೆ ತುಸು ತಿರುಗಿಸಿ, ಕತ್ತಿನ ಮೇಲೆ ಅಡ್ಡವಾಗಿ ಟಾರ್ಚ್ ಹಿಡಿದೆ. ಎದೆಮೂಳೆಯ ಮೇಲ್ಭಾಗದ ಏಣಿನಿಂದ ಮೇಲಕ್ಕೆ 3 ಸೆಂಟಿಮೀಟರ್ ದಾಟಬಾರದ ಸಿರೆಯ ಮಿಡಿತ ಕಿವಿಯ ಹಾಲೆಯ ಹತ್ತಿರ ತೇಲುತ್ತಿತ್ತು, ಪ್ರತಿ ಬಡಿತಕ್ಕೆ ಎರಡೆರಡು ಸಣ್ಣ ಅಲೆ. ಹೃದಯಕ್ಕೆ ಮರಳುವ ರಕ್ತ ಹಿಂದೆಯೇ ತಡೆದು ನಿಂತಾಗ ಅದು ಹೀಗೆ ಮೇಲೇರುತ್ತದೆ. ಕತ್ತಿನ ಬುಡದಲ್ಲಿ ಬೆರಳಿನಿಂದ ಮೆಲ್ಲಗೆ ಒತ್ತಿದೆ, ಮಾಯವಾಯಿತು. ಧಮನಿಯಾಗಿದ್ದರೆ ಹಾಗೆ ಅಡಗುತ್ತಿರಲಿಲ್ಲ. ಬೆನ್ನಿನ ಕೆಳಭಾಗದಲ್ಲಿ ಸ್ಟೆತಸ್ಕೋಪ್ ಇಟ್ಟರೆ, ಕಿವಿಯ ಬಳಿ ಕೂದಲನ್ನು ಬೆರಳುಗಳ ನಡುವೆ ಹೊಸೆದಂಥ ಸದ್ದು, ಶ್ವಾಸಕೋಶದಲ್ಲಿ ನೀರಿರುವ ಗುರುತು. ಎಕೋಗೆ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆಗೆ, ಕಳಿಸುವಾಗಲೇ ನನಗೆ ಉತ್ತರ ಗೊತ್ತಿತ್ತು.

ವರದಿಯಲ್ಲಿ ಎಜೆಕ್ಷನ್ ಫ್ರ್ಯಾಕ್ಷನ್ 30 ಶೇಕಡಾ. ಮಗಳು ಅಳತೊಡಗಿದಳು, 70 ಭಾಗ ಹೃದಯ ಸತ್ತಿದೆ ಎಂದುಕೊಂಡು. ಈ ತಪ್ಪು ತಿಳಿವಳಿಕೆ ನನ್ನನ್ನು ಪ್ರತಿಸಲವೂ ನೋಯಿಸುತ್ತದೆ. ದೇಹಕ್ಕೆ ರಕ್ತ ದೂಡುವ ಕೋಣೆಯಾದ ಎಡ ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಹೋಗುತ್ತದೆ ಎಂಬುದಷ್ಟೇ ಆ ಅಂಕಿ. ಗಟ್ಟಿಮುಟ್ಟಾದ ಹೃದಯವೂ ಪೂರ್ತಿ ಬರಿದಾಗುವುದಿಲ್ಲ, 60ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದ ಮೇಲೆ ಅವಳ ಅಳು ನಿಂತಿತು.

ನೀರಿಳಿಸುವ ಮಾತ್ರೆಯಿಂದ ಕೆಲವೇ ದಿನಗಳಲ್ಲಿ ಉಸಿರು ಸರಾಗವಾಯಿತು. ನಿಜವಾದ ಕೆಲಸ ಶುರುವಾಗುವುದು ಆಮೇಲೆ. ಹೃದಯದ ಬಡಿತ ತಗ್ಗಿಸಿ ಅದರ ಹೊರೆ ಇಳಿಸುವ ಬೀಟಾ ಬ್ಲಾಕರ್ ಮಾತ್ರೆಯನ್ನು ಕನಿಷ್ಠ ಪ್ರಮಾಣದಲ್ಲಿ ಆರಂಭಿಸಿ, ದೇಹ ಒಗ್ಗಿದಂತೆ ಎರಡು ವಾರಕ್ಕೊಮ್ಮೆ ಏರಿಸಬೇಕು. ಮೊದಮೊದಲು ಸುಸ್ತು ಅನಿಸುತ್ತದೆ, ಎಷ್ಟೋ ಜನ ಅಲ್ಲೇ ಬಿಟ್ಟುಬಿಡುತ್ತಾರೆ. ಅದನ್ನು ಮುಂಚೆಯೇ ಹೇಳಿದ್ದೆ. ಜೊತೆಗೆ ಒಂದು ನೋಟ್‌ಬುಕ್ ಇಡಲು ಹೇಳಿದೆ: ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದು, ಏನನ್ನೂ ತಿನ್ನುವ ಮೊದಲು ತೂಕ ನೋಡಿ ಬರೆಯಿರಿ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಫೋನ್ ಮಾಡಿ.

ನಾಲ್ಕು ತಿಂಗಳ ಬಳಿಕ ಫೋನ್ ಬಂತು. ಮೂರು ದಿನದ ತೂಕ: 61.2, 62, 63.4.

"ಹೊಸದಾಗಿ ಏನಾದರೂ ಮಾತ್ರೆ ತೆಗೆದುಕೊಂಡಿರಾ ಅಮ್ಮ?"

"ಮಂಡಿನೋವಿಗೆ ಐಬುಪ್ರೊಫೇನ್, ಅಷ್ಟೇ."

ಈ ಬಗೆಯ ನೋವಿನ ಮಾತ್ರೆಗಳು ಮೂತ್ರಪಿಂಡದಲ್ಲಿ ಉಪ್ಪು, ನೀರು ಉಳಿಯುವಂತೆ ಮಾಡುತ್ತವೆ. ಅದನ್ನು ಎಚ್ಚರಿಸಲು ನಾನು ಮರೆತಿದ್ದೆ, ಈಗ ಚೀಟಿಯ ಮೇಲೇ ಬರೆದುಕೊಡುತ್ತೇನೆ. ಮಾತ್ರೆ ನಿಲ್ಲಿಸಿ, ನೀರಿಳಿಸುವ ಔಷಧವನ್ನು ಕೆಲವು ದಿನ ಹೆಚ್ಚಿಸಿದೆವು.

ಮುಂದಿನ ಭೇಟಿಗೆ ಅವರು ನೋಟ್‌ಬುಕ್ ತಂದಿದ್ದರು. ತೂಕದ ಪಕ್ಕದಲ್ಲಿ ನಾನು ಹೇಳದೆಯೇ ಗೆರೆ ಎಳೆದು ಇನ್ನೊಂದು ಸಾಲು ಮಾಡಿಕೊಂಡಿದ್ದರು: ದಿಂಬು. ಕೊನೆಯ ಹನ್ನೊಂದು ದಿನವೂ ಅಲ್ಲಿ ಒಂದೇ ಅಂಕಿ ಇತ್ತು, 1.