ಕಣದ ಬಿಸಿಲು ಮತ್ತು ಕಂದಿದ ಉಗುರು

ಕಳೆದ ಜನವರಿಯಲ್ಲಿ, ಮೂಡಿಗೆರೆ ಸಮೀಪದ ನಮ್ಮ ತೋಟದ ಕಣದಲ್ಲಿ ಕಾಫಿ ಒಣಗಿಸುತ್ತಿದ್ದ ದಿನಗಳಲ್ಲಿ, ಮೊಡವೆಗಾಗಿ ನಾನು ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆ ಸೇವಿಸುತ್ತಿದ್ದೆ. ಮೂರನೆಯ ವಾರ ಬೆರಳ ತುದಿಗಳು ಉರಿಯತೊಡಗಿದವು. ಉಗುರುಗಳು ತುದಿಯಿಂದ ಅರ್ಧದವರೆಗೆ ಹಳದಿಮಿಶ್ರಿತ ಕಂದು ಬಣ್ಣಕ್ಕೆ ತಿರುಗಿ, ಅಡಿಯ ಚರ್ಮದಿಂದ ಬಿಟ್ಟುಕೊಂಡಿದ್ದವು. ಕಾಫಿ ಹಣ್ಣಿನ ಕಲೆಯೆಂದು ತಿಳಿದು ನಿಂಬೆಹೋಳು ಹಿಡಿದು ಉಜ್ಜಿದ್ದೇ ಉಜ್ಜಿದ್ದು! ಹೆಬ್ಬೆರಳುಗಳಿಗೆ ಮಾತ್ರ ಏನೂ ಆಗಿರಲಿಲ್ಲ.

ಚಿಕ್ಕಮಗಳೂರಿನಲ್ಲಿ ನಾನು ಕಂಡ ಚರ್ಮವೈದ್ಯರು ಮೊದಲು ನೋಡಿದ್ದು ಆ ಹೆಬ್ಬೆರಳುಗಳನ್ನೇ. ಡಾಕ್ಸಿಸೈಕ್ಲಿನ್ ಸೇರಿದ ಟೆಟ್ರಾಸೈಕ್ಲಿನ್ ಗುಂಪಿನ ಔಷಧಗಳು ಚರ್ಮವನ್ನು ಬಿಸಿಲಿನ ನೇರಳಾತೀತ ಕಿರಣಗಳಿಗೆ ಅತಿಸೂಕ್ಷ್ಮಗೊಳಿಸುತ್ತವೆಂದೂ, ಉಗುರಿನ ಮೂಲಕ ಹಾಯ್ದ ಬೆಳಕು ಅದರಡಿಯ ಚರ್ಮವನ್ನು ಘಾಸಿಗೊಳಿಸುತ್ತದೆಂದೂ, ಕೆಲಸ ಮಾಡುವಾಗ ಹೆಬ್ಬೆರಳು ನೆರಳಿನ ಬದಿಗೆ ಉಳಿಯುವುದರಿಂದ ಅನೇಕರಲ್ಲಿ ಪಾರಾಗುತ್ತದೆಂದೂ ಅವರು ವಿವರಿಸಿದರು. ಇದೇ ಗುಂಪಿನ ಮಿನೋಸೈಕ್ಲಿನ್ ಅನ್ನು ದೀರ್ಘಕಾಲ ತೆಗೆದುಕೊಂಡವರ ಉಗುರು ನೀಲಿಮಿಶ್ರಿತ ಬೂದು ಬಣ್ಣಕ್ಕೂ ತಿರುಗಬಹುದಂತೆ.

ವೈದ್ಯರು ಮಾತ್ರೆ ಬದಲಿಸಿದರು (ನಾನಾಗಿಯೇ ನಿಲ್ಲಿಸಿದ್ದಲ್ಲ). ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಮಾತ್ರ ಬೆಳೆಯುವುದರಿಂದ, ಅದು ಪೂರ್ತಿ ಹೊಸದಾಗಲು 6 ತಿಂಗಳಾದರೂ ಬೇಕು. ನನ್ನ ತೋರುಬೆರಳಿನ ಕೊನೆಯ ಕಂದು ಅಂಚು ನೇಲ್ ಕಟರ್‌ಗೆ ಸಿಕ್ಕಿದ್ದು ಜುಲೈನಲ್ಲಿ, ಕಣದ ತುಂಬ ಪಾಚಿ ಕಟ್ಟಿ, ಮಳೆ ಹಿಡಿದು ಕೂತಿದ್ದಾಗ.