ಚಿಹ್ನೆಯೂ ಒಂದು ಟ್ರೇಡ್‌ಮಾರ್ಕೇ

ಚುನಾವಣಾ ಪ್ರಚಾರಕ್ಕೂ ಸರಕಿನ ಜಾಹೀರಾತಿಗೂ ವ್ಯತ್ಯಾಸವೇ ಉಳಿದಿಲ್ಲವೆಂದು ಈಚೆಗೆ ಎಲ್ಲರೂ ಹೇಳುತ್ತಾರೆ. ಈ ಹೋಲಿಕೆ ಎಲ್ಲಿ ಹೊಂದುತ್ತದೆ, ಎಲ್ಲಿ ಮುರಿದುಬೀಳುತ್ತದೆ ಎಂದು ನೋಡುವುದಕ್ಕೆ ನಮ್ಮ ಮಂಡ್ಯದ 2019ರ ಲೋಕಸಭಾ ಚುನಾವಣೆಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ.

ಓದು ಬರಹ ಬಾರದ ಮತದಾರರೇ ಹೆಚ್ಚಾಗಿದ್ದ 1951-52ರ ಮೊದಲ ಮಹಾಚುನಾವಣೆಯಲ್ಲಿ ಚಿಹ್ನೆಗಳು ಬಂದವು. ಬೆಂಕಿಪೊಟ್ಟಣ, ಬೀಡಿಕಟ್ಟುಗಳ ಮೇಲೆ ಚಿತ್ರ ಅಚ್ಚಾಗುತ್ತಿದ್ದುದರ ಹಿಂದೆಯೂ ಇದೇ ಲೆಕ್ಕಾಚಾರವಿತ್ತು. ಮೈಸೂರಿನ ಅಂಗಡಿಯಲ್ಲಿ ‘ಸೈಕಲ್ ಊದುಬತ್ತಿ ಕೊಡಿ’ ಎನ್ನುವವರು ತಯಾರಿಸಿದವರ ಹೆಸರನ್ನು ವಿಚಾರಿಸುವುದಿಲ್ಲ. ಮಂಡ್ಯದ ಹಳ್ಳಿಗಳಲ್ಲಿಯೂ ‘ತೆನೆಗೆ ಹಾಕಿದೆ’, ‘ಕೈಗೆ ಹಾಕಿದೆ’ ಎನ್ನುವವರಿಗೆ ಎಷ್ಟೋ ಸಲ ಅಭ್ಯರ್ಥಿಯ ಹೆಸರು ಬೇಕಾಗಿರುವುದಿಲ್ಲ.

ಆ ವರ್ಷ ಒಂದು ಕಡೆ ಎಲ್ಲರಿಗೂ ಗೊತ್ತಿದ್ದ ತೆನೆ ಹೊತ್ತ ಮಹಿಳೆಯ ಚಿಹ್ನೆಯೊಂದಿಗೆ ಅಂದಿನ ಮುಖ್ಯಮಂತ್ರಿಯ ಮಗ ನಿಖಿಲ್ ಕುಮಾರಸ್ವಾಮಿ ನಿಂತಿದ್ದರೆ, ಇನ್ನೊಂದು ಕಡೆ ಪಕ್ಷೇತರರಾಗಿದ್ದ ಸುಮಲತಾ ಅಂಬರೀಶ್ ಅವರಿಗೆ ಸಿಕ್ಕಿದ್ದು ಕಹಳೆ ಊದುತ್ತಿರುವ ರೈತನ ಹೊಸ ಚಿಹ್ನೆ. ನಾಮಪತ್ರ ಹಿಂಪಡೆಯುವ ಅವಧಿ ಮಾರ್ಚ್ 29ಕ್ಕೆ ಮುಗಿದು ಏಪ್ರಿಲ್ 18ಕ್ಕೆ ಮತದಾನವಿದ್ದುದರಿಂದ, ಯಾರೂ ಕೇಳಿರದ ಗುರುತನ್ನು ಮೂರು ವಾರದೊಳಗೆ ಮನೆಮನೆಗೆ ಮುಟ್ಟಿಸಬೇಕಿತ್ತು. ಅನುಭವವಿರುವ ಯಾವ ಮಾರಾಟ ವ್ಯವಸ್ಥಾಪಕರೂ ಸುಲಭವಾಗಿ ಒಪ್ಪಿಕೊಳ್ಳುವ ಗಡುವಲ್ಲ ಇದು. ಹೆಸರುವಾಸಿ ಸರಕಿನ ಪಕ್ಕದಲ್ಲೇ ಅದೇ ಹೆಸರಿನ ನಕಲು ಬರುವಂತೆ, ಕಣದಲ್ಲಿ ಸುಮಲತಾ ಎಂಬ ಹೆಸರಿನ ಬೇರೆ ಅಭ್ಯರ್ಥಿಗಳೂ ಇದ್ದರು. ಇಂಥ ಗೊಂದಲ ತಪ್ಪಲೆಂದೇ ಚುನಾವಣಾ ಆಯೋಗವು 2015ರಿಂದ ಮತಪತ್ರದಲ್ಲಿ ಅಭ್ಯರ್ಥಿಯ ಭಾವಚಿತ್ರವನ್ನೂ ಮುದ್ರಿಸುತ್ತಿದೆ. ಸುಮಲತಾ ಅವರ ಪರವಾಗಿ ನಟರಾದ ದರ್ಶನ್ ಮತ್ತು ಯಶ್ ‘ಜೋಡೆತ್ತು’ಗಳಾಗಿ ಊರೂರು ತಿರುಗಿದರು, ಬಿಜೆಪಿ ಬೆಂಬಲಿಸಿತು. ಆದರೂ ಕೆಲವೇ ತಿಂಗಳ ಹಿಂದೆ ತೀರಿಕೊಂಡಿದ್ದ ಅಂಬರೀಶ್ ಅವರ ಮೇಲೆ ಈ ಜಿಲ್ಲೆ ಇಟ್ಟುಕೊಂಡಿದ್ದ ಅಭಿಮಾನವೇ ಆ ಪ್ರಚಾರದ ನಿಜವಾದ ಬಂಡವಾಳವಾಗಿತ್ತೆಂದು ನನ್ನ ಅನಿಸಿಕೆ. ಗೆದ್ದವರು ಸುಮಲತಾ, ಅಂತರ 1,25,876 ಮತಗಳು.

ಇಷ್ಟರವರೆಗೆ ಹೋಲಿಕೆ ಸಲೀಸು. ಆದರೆ ಸೋಪು ಹಿಡಿಸದಿದ್ದವರು ಮುಂದಿನ ತಿಂಗಳು ಬೇರೆಯದನ್ನು ಕೊಳ್ಳುತ್ತಾರೆ, ಪಕ್ಕದ ಮನೆಯವರ ಆಯ್ಕೆ ಅವರನ್ನು ಕಟ್ಟಿಹಾಕುವುದಿಲ್ಲ. ಮತದಲ್ಲಾದರೋ ಸೋತವರಿಗೆ ಹಾಕಿದವರೂ ಗೆದ್ದವರನ್ನೇ ಐದು ವರ್ಷ ಒಪ್ಪಿಕೊಳ್ಳಬೇಕು. ಕಾನೂನೂ ಕಂಪನಿಯನ್ನು ಮತ್ತು ಪಕ್ಷವನ್ನು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ದಾರಿತಪ್ಪಿಸುವ ಜಾಹೀರಾತು ಕೊಟ್ಟ ಕಂಪನಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಂಡ ಬೀಳಬಹುದು. ಪ್ರಣಾಳಿಕೆಯ ಭರವಸೆಗಳನ್ನು ಭ್ರಷ್ಟ ಚುನಾವಣಾ ಆಚರಣೆ ಎನ್ನಲಾಗದೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಇನ್ನು ಖರ್ಚಿನ ವಿಷಯ: ನಮ್ಮ ರಾಜ್ಯದಲ್ಲಿ ಲೋಕಸಭಾ ಅಭ್ಯರ್ಥಿಗೆ 2024ರಲ್ಲಿದ್ದ ಮಿತಿ 95 ಲಕ್ಷ ರೂಪಾಯಿ, ಆದರೆ ಪಕ್ಷಕ್ಕೆ ಮಿತಿಯೇ ಇಲ್ಲ. ಹೀಗಾಗಿ ಅಭ್ಯರ್ಥಿ ಕರಪತ್ರದ ಲೆಕ್ಕವನ್ನೂ ಒಪ್ಪಿಸಬೇಕಾದರೆ, ಪಕ್ಷವು ತನ್ನ ಚಿಹ್ನೆಯನ್ನು ದೊಡ್ಡದಾಗಿ ಅಚ್ಚುಹಾಕಿಸಿ ಪತ್ರಿಕೆಗಳಿಗೆ ಪುಟಗಟ್ಟಲೆ ಜಾಹೀರಾತು ಕೊಡುವುದಕ್ಕೆ ಯಾವ ಮಿತಿಯೂ ಅಡ್ಡಬರುವುದಿಲ್ಲ.