ಕಾಡಿನ ಇಂಜಿನ್ ಹೋಯಿತು, ಹಳಿಯೂ ಹೋಯಿತು

ನಮ್ಮ ವಾಡಿ ಜಂಕ್ಷನ್‌ನಲ್ಲಿ ಇಂಜಿನ್‌ಗಳು ಬದಲಾದವು, ಹಳಿ ಉಳಿಯಿತು. ಇಲ್ಲಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾದದ್ದು 1874ರಲ್ಲಿ. ಕಲ್ಲಿದ್ದಲು ಇಂಜಿನ್ ಹೋಗಿ ಡೀಸೆಲ್ ಬಂತು, ಆಮೇಲೆ ಕರೆಂಟಿನದು ಬಂತು, ಗಾಡಿ ಮಾತ್ರ ಅದೇ ದಾರಿ ಹಿಡಿದು ಓಡುತ್ತಿದೆ.

ಅಮೆರಿಕದ ಕಾಡುಗಳಲ್ಲಿ ದಿಮ್ಮಿ ಹೊರುತ್ತಿದ್ದ ರೈಲುಗಳ ಕಥೆ ಹಾಗಲ್ಲ. ಅಲ್ಲಿ ಹಳಿ ಹಾಕುತ್ತಿದ್ದದ್ದೇ ಮುಂದೆ ಕೀಳಲಿಕ್ಕೆ. ಒಂದು ಗುಡ್ಡದ ಮರ ಮುಗಿದರೆ ಹಳಿ ಕಿತ್ತು ಪಕ್ಕದ ಗುಡ್ಡಕ್ಕೆ ಒಯ್ಯುತ್ತಿದ್ದರು. ಅಂಥ ಓರೆಕೋರೆ ಹಳಿಯ ಮೇಲೆ ಮಾಮೂಲಿ ಇಂಜಿನ್ ನಡೆಯುತ್ತಿರಲಿಲ್ಲ. ಮಿಷಿಗನ್‌ನಲ್ಲಿ ಮರದ ವ್ಯಾಪಾರ ಮಾಡುತ್ತಿದ್ದ ಎಫ್ರಾಯಿಮ್ ಶೇ ಇದಕ್ಕೊಂದು ದಾರಿ ಹುಡುಕಿ 1881ರಲ್ಲಿ ಪೇಟೆಂಟ್ ಪಡೆದ.

ಶೇ ಇಂಜಿನ್ ನೋಡಲಿಕ್ಕೆ ಸೊಟ್ಟ. ಬಲಗಡೆ ಸಿಲಿಂಡರ್‌ಗಳು ನೆಟ್ಟಗೆ ನಿಂತಿರುತ್ತವೆ, ತೂಕ ಸರಿದೂಗಲೆಂದು ಬಾಯ್ಲರನ್ನು ಎಡಕ್ಕೆ ಸರಿಸಿರುತ್ತಾರೆ, ಪಕ್ಕದಲ್ಲಿ ಉದ್ದಕ್ಕೂ ಒಂದು ಶಾಫ್ಟ್ ತಿರುಗುತ್ತಾ ಗಿಯರ್ ಮೂಲಕ ಒಂದೂ ಬಿಡದೆ ಎಲ್ಲ ಚಕ್ರಗಳಿಗೂ ಬಲ ಕೊಡುತ್ತದೆ. ವೇಗ ಕೇಳಬೇಡಿ, ಸೈಕಲ್ಲಿನವನೂ ಹಿಂದೆ ಹಾಕುತ್ತಾನೆ. ಆದರೆ ವೆಸ್ಟ್ ವರ್ಜೀನಿಯಾದ ಕಾಸ್ ಎಂಬಲ್ಲಿ ನೂರು ಅಡಿಗೆ ಹನ್ನೊಂದು ಅಡಿ ಏರುವ ಕಡೆ ಅದು ಹತ್ತುತ್ತದೆ. ನಮ್ಮ ಬಯಲಿನ ಮಾರ್ಗದಲ್ಲಿ ನೂರಕ್ಕೆ ಒಂದಡಿ ಅಂದರೇ ಜಾಸ್ತಿ ಏರು!

ಇಂಥದ್ದನ್ನು ಸೋಲಿಸಿದ್ದು ಇನ್ನೊಂದು ಇಂಜಿನ್ ಅಲ್ಲ, ಲಾರಿ. ಲಾರಿಗೆ ಹಳಿ ಬೇಡ, ಮಣ್ಣಿನ ರಸ್ತೆ ಸಾಕು. ಕೊನೆಯ ಶೇ ತಯಾರಾದದ್ದು 1945ರಲ್ಲಿ. ಕಾಸ್‌ನ ಮರದ ಮಿಲ್ 1960ರಲ್ಲಿ ಮುಚ್ಚಿತು. ಅಲ್ಲಿನ ರಾಜ್ಯ ಸರ್ಕಾರ ಆ ರೈಲನ್ನು ಕೊಂಡುಕೊಂಡಿತು, 1963ರಿಂದ ಅದರಲ್ಲಿ ಪ್ರವಾಸಿಗರು ಕೂತರು. ಇಲ್ಲದಿದ್ದರೆ ಅದೂ ಗುಜರಿಗೇ ಹೋಗುತ್ತಿತ್ತು ಅಲ್ವಾ.

ನಮ್ಮಲ್ಲಿ ಉಗಿ ಇಷ್ಟು ಬೇಗ ಆರಲಿಲ್ಲ. ಬಂಗಾಳದ ಚಿತ್ತರಂಜನ್ ರೈಲ್ವೆ ಕಾರ್ಖಾನೆ 1972ರವರೆಗೂ ಉಗಿ ಇಂಜಿನ್ ಕಟ್ಟಿತು, ಬ್ರಾಡ್‌ಗೇಜ್ ಅಂದರೆ ಅಗಲ ಹಳಿಗೆ 1970ರಲ್ಲಿ ಕಟ್ಟಿದ ಕೊನೆಯದಕ್ಕೆ 'ಅಂತಿಮ್ ಸಿತಾರಾ' ಅಂತ ಹೆಸರಿಟ್ಟಿತು. ಬ್ರಾಡ್‌ಗೇಜ್‌ನಲ್ಲಿ ದಿನನಿತ್ಯದ ಓಡಾಟ ನಿಂತದ್ದು 1995ರಲ್ಲಿ. ಕಲ್ಲಿದ್ದಲು ನಮ್ಮದೇ, ಶೆಡ್ಡಿನಲ್ಲಿ ಕೆಲಸ ಬಲ್ಲವರಿದ್ದರು, ಸುಮ್ನೆ ಯಾಕೆ ಬಿಡಬೇಕು?

ಉಗಿ ಇಂಜಿನ್‌ಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿದ್ದ ನಮ್ಮ ಕಾಕಾಗೆ ಶೇ ಇಂಜಿನ್‌ನ ವಿಡಿಯೋ ತೋರಿಸಿದೆ. ಹೊರಗೆ ತಿರುಗುವ ಗಿಯರ್‌ಗಳನ್ನೇ ನೋಡಿ, "ಇದಕ್ಕ ಎಣ್ಣಿ ಹಾಕೋನ ಗತಿ ಏನೋ ತಮ್ಮಾ?" ಅಂದರು. ನಾನು ಇಷ್ಟೆಲ್ಲ ಓದಿದರೂ ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಕಲ್ಲಿದ್ದಲು ಎತ್ತಿ ಹಾಕಿದವರಿಗೆ ಮೊದಲು ಕಾಣುವುದು ಕೆಲಸ.

ರೊಮೇನಿಯಾದ ವಿಶೆವು ದೆ ಸುಸ್‌ನಲ್ಲಿ ಕಾಡಿನ ರೈಲು ಇನ್ನೂ ಇದೆ. ಡೀಸೆಲ್ ಇಂಜಿನ್ ದಿಮ್ಮಿ ಎಳೆಯುತ್ತದೆ, ಉಗಿಯದ್ದು ಪ್ರವಾಸಿಗರನ್ನು. ದುಡ್ಡು ಕೂಡಿದರೆ ನಾನು ಮೊದಲು ನೋಡುವುದು ದಿಮ್ಮಿ ಗಾಡಿಯನ್ನೇ.